ಕೆಳಗಡವು

ನಮ್ಮೂರು ಅಂತರಘಟ್ಟೆ. ಹೆಸರು ಕೇಳಿದವರು ಅಲ್ಲೊಂದು ಹೊಳೆ ಇರಬೇಕು, ಹೊಳೆಗೊಂದು ಘಟ್ಟ ಇರಬೇಕು ಅಂದುಕೊಳ್ಳುತ್ತಾರೆ. ಹೊಳೆ ಇಲ್ಲ. ಅಜ್ಜಂಪುರ ಸೀಮೆಯ ಒಣ ನೆಲ ನಮ್ಮದು. ರಾಗಿ, ಜೋಳ, ಈರುಳ್ಳಿ. ಮಳೆ ಬಂದರೆ ಕೆರೆ, ಬಾರದಿದ್ದರೆ ಕೆರೆಯಂಗಳ. ಹೊರಗಿನವರಿಗೆ ನಮ್ಮೂರು ಗೊತ್ತಿರುವುದು ದುರ್ಗಾಂಬೆಯ ಜಾತ್ರೆಯಿಂದ. ಜಾತ್ರೆಗೆ ತರೀಕೆರೆ, ಭದ್ರಾವತಿ ಕಡೆಯ ಎತ್ತಿನ ಗಾಡಿಗಳು ಸಾಲುಗಟ್ಟಿ ಬರುತ್ತವೆ. ಆ ಗಾಡಿಯವರಲ್ಲಿ ಎಷ್ಟೋ ಜನ ಹೊಳೆದಂಡೆಯವರು. ಅವರ ಎತ್ತುಗಳ ಮೈ ಮಿರಮಿರ ಮಿಂಚುತ್ತಿತ್ತು, ಬುತ್ತಿಯಲ್ಲಿ ಅಕ್ಕಿಯ ಅನ್ನ ಇರುತ್ತಿತ್ತು. ಹಟ್ಟಿಯ ಹುಡುಗರಾದ ನಾವು ದೂರ ನಿಂತು ನೋಡುತ್ತಿದ್ದೆವು. ಹೊಳೆ ಅಂದರೆ ಎತ್ತಿನ ಮೈಗೆ ಮಿಂಚು ಕೊಡುವ, ಮನುಷ್ಯರಿಗೆ ಅನ್ನ ಕೊಡುವ ಏನೋ ಒಂದು ಅಂತ ನಮ್ಮ ಲೆಕ್ಕ.

ಶಾಲೆಯಲ್ಲಿ ಮೇಷ್ಟ್ರು ದೋಣಿಯ ಚಿತ್ರ ಬರೆಯಿರಿ ಅಂದರೆ ನಾನು ಬಿದಿಗೆ ಚಂದ್ರನನ್ನು ಬರೆದು ಅದರೊಳಗೆ ಒಬ್ಬ ಮನುಷ್ಯನನ್ನು ನಿಲ್ಲಿಸುತ್ತಿದ್ದೆ. ಮೇಷ್ಟ್ರು ಸರಿ ಗುರುತು ಹಾಕುತ್ತಿದ್ದರು. ಅವರೂ ದೋಣಿ ಕಂಡವರಲ್ಲ ಅಂತ ಆಮೇಲೆ ಗೊತ್ತಾಯಿತು. ನಮ್ಮ ಹೊಳೆಗಳಲ್ಲಿ ಚಂದ್ರನ ಆಕಾರದ ದೋಣಿಗಿಂತ ದುಂಡನೆಯ ಮಂಕರಿಯಂಥ ಹರಿಗೋಲೇ ಹೆಚ್ಚು. ಚಿಕ್ಕದನ್ನು ತೆಪ್ಪ ಅಂತಲೂ ಅನ್ನುತ್ತಾರೆ.

1972. ನನಗೆ ಒಂಬತ್ತು ವರ್ಷ. ಅಕ್ಕನನ್ನು ಭದ್ರಾವತಿಗೂ ಕೂಡ್ಲಿಗೂ ನಡುವೆ, ಹೊಳೆಯಾಚೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಆ ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಭಾವ ನೀರಿಗಿಳಿಯುವುದು ಇನ್ನಷ್ಟು ಕಷ್ಟವಾಗುತ್ತದೆ. ದೀಪಾವಳಿ ಕಳೆದ ಮೇಲೆ ಅಪ್ಪ, ನಾನು ಅಕ್ಕನನ್ನು ನೋಡಲು ಹೊರಟೆವು. ಅಪ್ಪನ ಹೆಗಲ ಮೇಲೆ ಚೀಲ, ಚೀಲದಲ್ಲಿ ಬೆಲ್ಲ, ಚಕ್ಕುಲಿ, ಅಕ್ಕನಿಗೊಂದು ಸೀರೆ.

ಕಡವಿನ ಹತ್ತಿರ ಹೋದಾಗ ನಾನು ಮೊದಲು ಹೊಳೆಯನ್ನಲ್ಲ, ಕಲ್ಲಿನ ಮೆಟ್ಟಿಲುಗಳನ್ನು ನೋಡಿದೆ. ಒಂದೇ ಸಮನಾದ, ನೀರಿನೊಳಕ್ಕೆ ಇಳಿದು ಮಾಯವಾಗುವ ಮೆಟ್ಟಿಲು. ಓಡಿ ಇಳಿಯಹೋದೆ. ಅಪ್ಪ ರಟ್ಟೆ ಹಿಡಿದು ಜಗ್ಗಿದ. ಅಂಬಿಗ ಹರಿಗೋಲಿನಲ್ಲಿ ನಿಂತೇ ನಮ್ಮನ್ನು ನೋಡಿ, "ನೀವು ಕೆಳಗಡವಿಗೆ ನಡೀರಿ. ಇವ್ರನ್ನೆಲ್ಲ ದಾಟ್ಸಿ ಅಲ್ಲಿಗೇ ತರ್ತೀನಿ" ಅಂದ. ಬೈಗುಳ ಇಲ್ಲ, ಕೋಪ ಇಲ್ಲ. ಬಸ್ಸಿನ ಕಂಡಕ್ಟರು ಮುಂದಕ್ಕೆ ಹೋಗಿ ಅಂದ ಹಾಗೆ ಅಂದ.

ಮೆಟ್ಟಿಲಿನಿಂದ ಒಂದು ಫರ್ಲಾಂಗು ಕೆಳಗೆ, ಎಮ್ಮೆಗಳು ಇಳಿಯುವ ಜಾಗದಲ್ಲಿ, ನಮ್ಮವರ ಸುಡುಗಾಡಿನ ಪಕ್ಕದಲ್ಲಿ ಕೆಳಗಡವು. ಮೂರು ಸಲ ಹರಿಗೋಲು ಹೋಯಿತು, ಮೂರು ಸಲ ಬಂತು. ಕೊನೆಗೆ ಅದು ತಿರುಗುತ್ತ ತೇಲುತ್ತ ನಮ್ಮ ಕಡೆ ಬಂತು. ಹತ್ತಿ ಕೂತೆ. ಹೆದರಿಕೆಗೆ ಎರಡು ಕೈಯನ್ನೂ ತಳಕ್ಕೆ ಒತ್ತಿ ಹಿಡಿದೆ. ಬಿದಿರಿನ ಸೀಳುಗಳ ಸಂದಿಯಲ್ಲಿ ಬೆರಳಿಗೆ ತಾಗಿದ್ದು ನನಗೆ ಗೊತ್ತಿದ್ದ ವಸ್ತು. ಮನೆಯ ಹಿಂದಿನ ಸುಣ್ಣದ ತೊಟ್ಟಿಯಲ್ಲಿ, ಹಗ್ಗದ ಮೇಲೆ, ಅಪ್ಪನ ಮೈ ವಾಸನೆಯಲ್ಲಿ ಇದ್ದದ್ದು. ತೊಗಲು.

ಅಪ್ಪ ನನ್ನ ಕಿವಿಯ ಹತ್ತಿರ ಬಾಗಿ, "ಇದು ನಮ್ಮನೇದು ಕಣೋ. ಹ್ವಾದೊರ್ಷ ನಾನೇ ಹೊತ್ಕಂಡ್ ಬಂದು ಕೊಟ್ಟಿದ್ದು" ಅಂದ. ಅವನ ದನಿಯಲ್ಲಿ ಹೆಮ್ಮೆ ಇತ್ತು.

ಆಚೆ ದಡದಲ್ಲೂ ನಮ್ಮನ್ನು ಕೆಳಗೆ, ಕೆಸರಿನಲ್ಲಿ ಇಳಿಸಿದ. ಅಪ್ಪ ನಾಲ್ಕಾಣೆಯನ್ನು ಹರಿಗೋಲಿನ ಅಂಚಿನ ಮೇಲೆ ಇಟ್ಟ. ಅಂಬಿಗ ಹುಟ್ಟಿನಿಂದ ಒಂದಿಷ್ಟು ನೀರು ಚಿಮುಕಿಸಿ ನಾಣ್ಯವನ್ನು ತೆಗೆದುಕೊಂಡ. ನಾಣ್ಯಕ್ಕೆ ನೀರು ಬೇಕಾಯಿತು. ದಿನವಿಡೀ ಅವನು ಕೂತಿದ್ದ ತೊಗಲಿಗೆ ಬೇಕಾಗಿರಲಿಲ್ಲ. ಇದನ್ನು ಆಗ ನಾನು ಯೋಚಿಸಿದೆ ಅಂದರೆ ಸುಳ್ಳಾಗುತ್ತದೆ. ಆಗ ನನಗೆ ಇದ್ದದ್ದು, ಆ ಮೆಟ್ಟಿಲು ಇಳಿಯಲಿಲ್ಲವಲ್ಲ ಅನ್ನುವ ಸಂಕಟ ಅಷ್ಟೆ.

ನದಿ ಇಲ್ಲದ ಊರಿಂದ ನದಿಗೆ ದೋಣಿಯ ಮೈ ಹೋಗುತ್ತಿತ್ತು. ಇದನ್ನು ಹೇಳಿದರೆ ಇವತ್ತಿನ ಹುಡುಗರು ನಂಬುವುದಿಲ್ಲ. ನಮ್ಮ ಕಡೆ ಕಾವಲುಗಳು ಬಹಳ. ಅಜ್ಜಂಪುರದ ಅಮೃತಮಹಲ್ ತಳಿಯ ದನ ಹೆಸರಾದದ್ದು. ಊರಲ್ಲಿ ದನ ಸತ್ತರೆ ಹೊತ್ತು ಹಾಕುವುದು ನಮ್ಮ ಪಾಲು. ತೊಗಲು ಸುಲಿದು, ಸುಣ್ಣದಲ್ಲಿ ನೆನೆಸಿ, ಕೂದಲು ಕೆರೆದು, ತಂಗಡಿ ಚಕ್ಕೆಯ ನೀರಿನಲ್ಲಿ ಹದ ಮಾಡುವುದೂ ನಮ್ಮ ಪಾಲು. ತಂಗಡಿ ನಮ್ಮ ಒಣ ನೆಲದಲ್ಲಿ ಬೇಕಾದಷ್ಟು. ಅದರ ಹಳದಿ ಹೂವನ್ನು ಕವಿಗಳು ಬೇಕಾದರೆ ಬಣ್ಣಿಸಲಿ, ನಮಗೆ ಬೇಕಾಗಿದ್ದು ತೊಗಟೆ. ಹದವಾದ ತೊಗಲನ್ನು ಅಪ್ಪ ಸುರುಳಿ ಸುತ್ತಿ ತಲೆ ಮೇಲಿಟ್ಟುಕೊಂಡು ತರೀಕೆರೆ ದಾಟಿ, ದಾರಿಯಲ್ಲಿ ಒಂದು ರಾತ್ರಿ ತಂಗಿ, ಹೊಳೆದಂಡೆಯ ಅಂಬಿಗರಿಗೆ ಮುಟ್ಟಿಸುತ್ತಿದ್ದ. ಅಕ್ಕನ ಸಂಬಂಧ ಕುದುರಿದ್ದೂ ಈ ಓಡಾಟದಲ್ಲೇ. ಅಪ್ಪನ ಕಾಲದ ಕೊನೆಗೆ ಡಾಂಬರು ಬಳಿದ ಬಟ್ಟೆ ಬಂತು, ಆಮೇಲೆ ಗೊಬ್ಬರದ ಚೀಲ, ಪ್ಲಾಸ್ಟಿಕ್ ಹಾಳೆ ಬಂದವು, ಈಗ ಫೈಬರ್ ತೆಪ್ಪವೇ ಬಂದಿದೆ. ತೊಗಲಿನ ಕೆಲಸ ಹೋಯಿತು ಅಂತ ನನಗೆ ದುಃಖವಿಲ್ಲ. ಆ ಸುಣ್ಣದಲ್ಲಿ ಅಪ್ಪನ ಬೆರಳುಗಳು ಹೇಗೆ ತಿಂದುಹೋಗಿದ್ದವು ಅಂತ ನೋಡಿದವನು ನಾನು.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗುಂದಿಯಲ್ಲಿ ಜನ ಹೊಳೆ ದಾಟುವ ದೋಣಿಗಳ ಬಗ್ಗೆ ಬರೆದಿದ್ದಾನೆ. ಬುಟ್ಟಿಯಂತೆ ದುಂಡಗಿವೆ, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ, ಗರಗರ ತಿರುಗುತ್ತಲೇ ಸಾಗುತ್ತವೆ ಅನ್ನುವುದು ಅವನು ಹೇಳಿದ್ದರ ಸಾರ. ಬೆತ್ತ ಕಂಡಿತು, ತೊಗಲು ಕಂಡಿತು, ಕುದುರೆ ಎತ್ತುಗಳನ್ನೂ ಅದರಲ್ಲೇ ದಾಟಿಸುವುದು ತಿಳಿಯಿತು. ಆ ತೊಗಲು ಯಾರ ಕೈಯಿಂದ ಬಂತು ಅಂತ ಕೇಳಬೇಕು ಅನ್ನಿಸಲಿಲ್ಲ. ಪರದೇಶದವನು, ಅವನನ್ನು ಬಿಡಿ. ನಮ್ಮ ನಾಡಿನಲ್ಲೇ ಇದ್ದು ಬರೆದವರು ಎಷ್ಟು ಜನ ಕೇಳಿದರು?

ಅಂಬಿಗನ ಮೇಲೆ ನನಗೆ ಈಗ ಸಿಟ್ಟಿಲ್ಲ. ಅವನೂ ದೇವಸ್ಥಾನದ ಹೊಸ್ತಿಲ ಆಚೆಯವನೇ. ಸುಗ್ಗಿಯಲ್ಲಿ ಹೊಲವುಳ್ಳವರ ಕಣದಲ್ಲಿ ಕಾಳಿಗೆ ಕೈಯೊಡ್ಡಿ ನಿಲ್ಲುವವನೇ. ಹನ್ನೆರಡನೇ ಶತಮಾನದಲ್ಲಿ ಅಂಬಿಗರ ಚೌಡಯ್ಯ ಯಾವ ದೇವರ ಹೆಸರನ್ನೂ ಅಂಕಿತ ಮಾಡಿಕೊಳ್ಳದೆ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ಕಲ್ಯಾಣದಲ್ಲಿ ಅಂಬಿಗನೂ ಸಮಗಾರನೂ ಒಂದೇ ಸಾಲಿನಲ್ಲಿ ಕೂತರು ಅಂತ ಮಕ್ಕಳಿಗೆ ಮೂವತ್ತೇಳು ವರ್ಷ ಪಾಠ ಹೇಳಿದ್ದೇನೆ. ಹೇಳುವಾಗೆಲ್ಲ ಆ ನಾಲ್ಕಾಣೆಯ ಮೇಲೆ ಬಿದ್ದ ನೀರು ನೆನಪಾಗುತ್ತಿತ್ತು.

1980ರ ದಶಕದಲ್ಲಿ ಆ ಊರಿಗೆ ಸೇತುವೆಯಾಯಿತು. ಸೇತುವೆ ಬಂದ ಊರಿನಲ್ಲಿ ಕಡವು ಸಾಯುತ್ತದೆ. ಬಸ್ಸು ಬಂತು, ಬಸ್ಸಿನಲ್ಲಿ ಸೀಟು ಹಿಡಿದವನದ್ದೇ ಸೀಟು. ನಮ್ಮವರಿಗೆ ಸೇತುವೆ ದೊಡ್ಡ ಬಿಡುಗಡೆ. ಅಂಬಿಗನ ಅನ್ನ ಹೋಯಿತು. ದೊಡ್ಡ ಹರಿಗೋಲು ದಡದಲ್ಲೇ ಬಿದ್ದು ಮಳೆಗೆ ಕೊಳೆಯಿತು. ಆರಡಿಯ ಚಿಕ್ಕ ತೆಪ್ಪವನ್ನು ಅವನು ನಮ್ಮ ಭಾವನಿಗೆ ಮಾರಿದ. ಮಾರಿದ್ದಷ್ಟೇ ಅಲ್ಲ, ಒಂದು ಮಳೆಗಾಲ ಪೂರ್ತಿ ಜೊತೆಯಲ್ಲಿ ಕೂರಿಸಿಕೊಂಡು ಹುಟ್ಟು ಹಾಕುವುದನ್ನು ಕಲಿಸಿದ. ಹೊಟ್ಟೆ ಖಾಲಿಯಾದಾಗ ಮೈಲಿಗೆ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಕೂಲಿ ಇಲ್ಲದ ದಿನಗಳಲ್ಲಿ ಭಾವ ಬಲೆ ಬಿಡಲು ಶುರು ಮಾಡಿದ್ದು ಹೀಗೆ. ನಾನು 1986ರಲ್ಲಿ ಮೇಷ್ಟ್ರಾದೆ. ರಜೆ ಬಂದರೆ ಅಕ್ಕನ ಮನೆ, ಬೆಳಗಿನ ಜಾವ ಭಾವನ ತೆಪ್ಪ.

ನನಗಿದ್ದ ತಿಳುವಳಿಕೆ ಅಂದರೆ, ನೀರಿದ್ದ ಕಡೆಯೆಲ್ಲ ತೆಪ್ಪ ಇಳಿಸಬಹುದು ಅಂತ. ಭಾವ ನಗುತ್ತಿದ್ದ.

"ಮೇಷ್ಟ್ರೇ, ನೀರಿಗೇನು, ಎಲ್ಲಾ ಕಡೆ ಐತೆ. ಇಳಿಯಾದು ಹತ್ತೋದು ಎಲ್ಲಿ ಹೇಳಿ. ಇಳ್ದ ಜಾಗ್ದಲ್ಲೇ ಹತ್ತೋಕೆ ಬರ್ಬೇಕು. ಬರ್ದಿದ್ರೆ ಅದು ಕಡವಲ್ಲ, ಗುಂಡಿ."

ಹೊಳೆ ಬಾಗುವ ಕಡೆ ಹೊರಬಾಗಿನಲ್ಲಿ ನೀರು ದಡವನ್ನು ಕೊರೆಯುತ್ತದೆ. ಅಲ್ಲಿ ದಂಡೆ ಗೋಡೆಯ ಹಾಗೆ ನಿಂತಿರುತ್ತದೆ, ಕೆಳಗೆ ಮಡು. ಒಳಬಾಗಿನಲ್ಲಿ ನೀರು ನಿಧಾನ, ಮರಳು ತಂದು ಇಳಿಸುತ್ತದೆ, ದಂಡೆ ಇಳಿಜಾರು. ತೆಪ್ಪ ಇಳಿಸಬೇಕಾದದ್ದು ಒಳಬಾಗಿನಲ್ಲಿ. ಆದರೆ ಬಾಗಿನ ತುದಿಯಲ್ಲಿ ಬರೀ ಹೊಸ ಮರಳಿದ್ದರೆ ಕಾಲು ಹುದುಗುತ್ತದೆ. ಬಾಗಿನ ಬಾಯಲ್ಲಿ, ಮರಳಿಗೆ ಗರಸು ಬೆರೆತ ಕಡೆ ನೆಲ ಗಟ್ಟಿ. ತೆಪ್ಪ ಒಂದು ಗೇಣು ನೀರಿದ್ದರೂ ತೇಲುತ್ತದೆ, ಆದರೆ ಕಲ್ಲಿನ ಮೂಲೆ ತಗುಲಿದರೆ ತಳ ಹರಿಯುತ್ತದೆ. ಆದ್ದರಿಂದ ಕಲ್ಲು ಮೆಟ್ಟಿಲು ತೆಪ್ಪಕ್ಕೆ ಶತ್ರು. ಇದನ್ನು ಭಾವ ಹೇಳಿದಾಗ ನಾನು ಸುಮ್ಮನೆ ಕೂತುಬಿಟ್ಟೆ. ಒಂಬತ್ತು ವರ್ಷದವನಾಗಿ ನಾನು ಅತ್ತದ್ದು ಆ ಮೆಟ್ಟಿಲಿಗಾಗಿ. ಮೇಲ್ಗಡವಿನ ಮೆಟ್ಟಿಲಲ್ಲಿ ಹರಿಗೋಲನ್ನು ತಾಗದ ಹಾಗೆ ನಿಲ್ಲಿಸಲು ಆ ಅಂಬಿಗ ದಿನವೂ ಎಷ್ಟು ಪಾಡು ಪಡುತ್ತಿದ್ದನೋ.

"ಎಮ್ಮೆ ದಾರಿ ನೋಡ್ಕಂಡ್ ಹೋಗ್ಬೇಕು" ಅನ್ನುವುದು ಭಾವನ ಇನ್ನೊಂದು ಮಾತು. ಎಮ್ಮೆ ಕಡಿದಾದ ಕಡೆ ಇಳಿಯುವುದಿಲ್ಲ, ಜಾರುವ ಕಡೆ ಹತ್ತುವುದಿಲ್ಲ, ಸೆಳವಿರುವ ಕಡೆ ಮಲಗುವುದಿಲ್ಲ. ಎಮ್ಮೆ ಮಲಗುವ ನೀರು ತಿರುಗಿ ನಿಂತ ನೀರು. ದಂಡೆಯ ಬಂಡೆಯೋ ಮರದ ಬೇರೋ ಮೇಲಿನ ಸೆಳವನ್ನು ತಡೆದು ಆಚೆ ತಳ್ಳಿರುತ್ತದೆ, ಅದರ ಮರೆಯಲ್ಲಿ ನೀರು ಹಿಂದಕ್ಕೆ ನಡೆಯುತ್ತದೆ. ಅಲ್ಲಿ ತೆಪ್ಪಕ್ಕೆ ಕಾಲಿಟ್ಟು, ಕೂತು, ಹುಟ್ಟು ಕೈಗೆ ತೆಗೆದುಕೊಳ್ಳುವಷ್ಟು ಹೊತ್ತು ಹೊಳೆ ನಮ್ಮನ್ನು ಕಾಯುತ್ತದೆ. ಇನ್ನೊಂದು, ಇಳಿಯುವ ಮುಂಚೆ ಕೆಳಗೆ ಏನಿದೆ ನೋಡಬೇಕು. ಕೆಳಗೆ ಅಣೆ ಇದ್ದರೆ, ಬಾಗಿದ ಬಿದಿರು ಮೆಳೆ ಇದ್ದರೆ, ಸೇತುವೆಯ ಕಂಬ ಇದ್ದರೆ ಆ ಜಾಗ ಎಷ್ಟು ಚೆನ್ನಾಗಿದ್ದರೂ ಬೇಡ. ಮಳೆಗಾಲದಲ್ಲಿ ಲಕ್ಕವಳ್ಳಿ ಅಣೆಕಟ್ಟೆ 186 ಅಡಿ ಮುಟ್ಟುವ ಸುದ್ದಿ ಬಂದರೆ, ಭದ್ರಾವತಿಯ ಹೊಸ ಸೇತುವೆ ಮೇಲೆ ನೀರು ಬಂತು ಅಂದರೆ, ಭಾವ ತೆಪ್ಪವನ್ನು ತಲೆಯ ಮೇಲೆ ಹೊತ್ತು ಮನೆಗೆ ತಂದು ಗೋಡೆಗೆ ಒರಗಿಸಿಬಿಡುತ್ತಾನೆ. ಹಿಂದಿನಿಂದ ನೋಡಿದರೆ ಕಾಲು ಬಂದ ಆಮೆ.

ಈ ಎಲ್ಲ ಲಕ್ಷಣಗಳನ್ನೂ ಇಟ್ಟುಕೊಂಡು ಅಳೆದರೆ ಆ ಊರಿನ ಎರಡು ಮೈಲಿ ದಂಡೆಯಲ್ಲಿ ಅತ್ಯುತ್ತಮವಾದ ಜಾಗ ಒಂದೇ. ಕೆಳಗಡವು. ಒಳಬಾಗಿನ ಬಾಯಿ, ಗರಸು ನೆಲ, ಮೇಲೆ ಹಾಸುಬಂಡೆಯ ಮರೆ, ಎಮ್ಮೆ ದಾರಿ. ಊರಿನವರು ನಮ್ಮನ್ನು ತಳ್ಳುವಾಗ ನೋಡಿ ತಳ್ಳಲಿಲ್ಲ.

ಇದು ಅವರಿಗೆ ಗೊತ್ತಾಗಲು ನಲವತ್ತು ಚಿಲ್ಲರೆ ವರ್ಷ ಬೇಕಾಯಿತು. ಅಡಿಕೆಗೆ ರೇಟು ಬಂದ ಮೇಲೆ ಗದ್ದೆಗಳೆಲ್ಲ ತೋಟವಾದವು. ಹಟ್ಟಿಯಿಂದ ಸುಡುಗಾಡಿನ ಪಕ್ಕ ಹಾದು ಹೊಳೆಗೆ ಹೋಗುವ ದಾರಿಯ ಎರಡೂ ಬದಿಯ ಜಮೀನು ಒಬ್ಬರದೇ. ಮೊದಲು ದಾರಿಯ ಅಂಚಿಗೆ ಅಡಿಕೆ ಸಸಿ ಬಂತು, ಆಮೇಲೆ ದಾರಿಯೊಳಕ್ಕೆ ಬಂತು, 2018ರಲ್ಲಿ ಒಂದು ದಿನ ಕಲ್ಲುಕಂಬ, ಮುಳ್ಳುತಂತಿ, ಗೇಟು, ಗೇಟಿಗೆ ಬೀಗ. ಹೊಳೆಯ ತುದಿಯಲ್ಲಿ ಪಂಪಿನ ಮನೆ. ಆ ಯಜಮಾನರ ತಂದೆ ಗೇಣಿದಾರರಾಗಿದ್ದವರು. 1974ರ ಭೂಸುಧಾರಣೆ ತಿದ್ದುಪಡಿಯಲ್ಲಿ ಜಮೀನು ಅವರದಾಯಿತು. ಆಗ ನಮ್ಮ ಭಾವನ ತಂದೆ ಅವರ ಮೆರವಣಿಗೆಯಲ್ಲಿ ತಮಟೆ ಬಡಿದು, ಧಿಕ್ಕಾರ ಜಯಕಾರ ಕೂಗಿ ಬಂದಿದ್ದರಂತೆ. ಉಳುವವನಿಗೆ ಭೂಮಿ ಬಂತು. ಉಳುವವನ ಹೊಲದಲ್ಲಿ ಕೂಲಿ ಮಾಡುವವನಿಗೆ ಗೇಣಿ ಚೀಟಿ ಇರಲಿಲ್ಲವಲ್ಲ, ಏನೂ ಬರಲಿಲ್ಲ.

ದಾರಿ ಮುಚ್ಚಿದ ಮೇಲೆ ಎರಡು ವರ್ಷ ಭಾವ ತೆಪ್ಪ ಹೊತ್ತುಕೊಂಡು ಜಾಗ ಹುಡುಕಿದ. ಎಷ್ಟೋ ದಿನ ನಾನೂ ಜೊತೆಗಿದ್ದೆ. ಐವತ್ತೈದು ದಾಟಿದ ಮೇಷ್ಟ್ರು, ಅರವತ್ತೈದು ದಾಟಿದ ಭಾವ, ನಡುವೆ ಒಂದು ತೆಪ್ಪ.

ಮೊದಲು ಮೇಲ್ಗಡವಿಗೇ ಹೋದೆವು. ಈಗ ಯಾರೂ ಮೆಟ್ಟಿಲು ಇಳಿಯಬೇಡಿ ಅನ್ನುವುದಿಲ್ಲ, ಕಾನೂನು ಇದೆ. ಆದರೆ ಅಲ್ಲಿ ದೇವರ ತೆಪ್ಪೋತ್ಸವ ನಡೆಯುತ್ತದೆ, ಮೀನಿನ ತೆಪ್ಪ ಅಲ್ಲಿ ಇಳಿಸುವುದು ಸರಿಯಲ್ಲ ಅಂತ ಬಹಳ ಮರ್ಯಾದೆಯಿಂದ ಹೇಳಿದರು. "ಹಂಗಲ್ಲ ಮೇಷ್ಟ್ರೇ, ನೀವೇ ತಿಳ್ದೋರು" ಅಂದರು. ತಿಳಿದವರು ಅನ್ನಿಸಿಕೊಂಡು ಎಷ್ಟು ಸಲ ಹಿಂದಕ್ಕೆ ಬಂದಿದ್ದೇನೋ. ದೇವರಿಗೂ ತೆಪ್ಪವೇ ಬೇಕು, ಅದಕ್ಕೆ ಮಾತ್ರ ಮೆಟ್ಟಿಲು.

ಸೇತುವೆಯ ಬುಡ ನೋಡಿದೆವು. ಕಟ್ಟುವಾಗ ಸುರಿದ ದಪ್ಪ ಕಲ್ಲುಗಳು, ಒಡೆದ ಬಾಟಲಿ, ಕಂಬದ ಹಿಂದೆ ಸುಳಿ. ಅದರ ಕೆಳಗೆ ಅರ್ಧ ಮೈಲಿ ತೋಟಗಳ ಬೆನ್ನು. ಒಂದೊಂದು ತೋಟಕ್ಕೂ ಐಬೆಕ್ಸ್ ತಂತಿ. ಹಂದಿಗೆ ಹಾಕಿದ್ದು ಅನ್ನುತ್ತಾರೆ. ದಂಡೆಯುದ್ದಕ್ಕೂ ಪಂಪಿನ ಪೈಪುಗಳು ಹಾವಿನ ಹಾಗೆ ನೀರಿಗೆ ಬಾಯಿ ಹಾಕಿಕೊಂಡಿವೆ. ಪೈಪು ಇಳಿದಿರುವ ಜಾಗವೆಲ್ಲ ಇಳಿಜಾರಿನ ಒಳ್ಳೆ ಜಾಗ. ನೀರಿಗೆ ಪೈಪು ಇಳಿಯಬಹುದು, ಮನುಷ್ಯ ಇಳಿಯಬಾರದು.

ಅದರಾಚೆ ಮರಳು ತೆಗೆದ ಜಾಗ. ಲಾರಿ ದಾರಿ ಇತ್ತು, ಬೇಲಿ ಇರಲಿಲ್ಲ, ದಂಡೆ ಹಾಸಿಗೆಯ ಹಾಗೆ ಇಳಿದಿತ್ತು. ನನಗೆ ಖುಷಿಯಾಯಿತು. ಭಾವ ಗಣೆ ಹಾಕಿ ನೋಡಿದ. ಮೊದಲ ಸಲ ಮೊಣಕಾಲು, ಎರಡು ಹೆಜ್ಜೆ ಮುಂದೆ ಗಣೆ ಪೂರ್ತಿ ಮುಳುಗಿ ಕೈ ನೆನೆಯಿತು. ಮರಳು ಬಗೆದ ಹೊಂಡದ ಅಂಚು ಒಳಗೊಳಗೇ ಕುಸಿಯುತ್ತ ಇರುತ್ತದೆ, ಮೇಲಿನಿಂದ ಕಾಣುವುದಿಲ್ಲ. ಆದರೂ ಬೇರೆ ಗತಿ ಇಲ್ಲದೆ ಒಂದು ತಿಂಗಳು ಅಲ್ಲೇ ಇಳಿಸಿದ. ಒಂದು ಮುಂಜಾನೆ ಹತ್ತುವಾಗ ಅಂಚು ಜಾರಿತು, ತೆಪ್ಪ ಮಗುಚಿತು. ಭಾವ ಈಜುಗಾರ, ಬದುಕಿದ. ಬಲೆ ಹೋಯಿತು. ಆ ದಿನ ಅಕ್ಕ ತೆಪ್ಪವನ್ನು ಒಲೆಗೆ ಹಾಕುತ್ತೇನೆ ಅಂತ ಮಚ್ಚು ಹಿಡಿದು ನಿಂತಿದ್ದಳು.

ಆಮೇಲೆ ನಾನು ನಕ್ಷೆಯ ಕಡೆ ತಿರುಗಿದೆ. ಹಳ್ಳಿಯ ಮೇಷ್ಟ್ರುಗಳಿಗೆ, ಓದುವ ಹುಡುಗರಿಗೆ ಇದು ಉಪಯೋಗವಾಗಲಿ ಅಂತ ಬರೆಯುತ್ತೇನೆ. ಪ್ರತಿಯೊಂದು ಊರಿಗೂ ಸರ್ವೆಯವರ ಗ್ರಾಮನಕ್ಷೆ ಇದೆ, ದುಡ್ಡು ಕಟ್ಟಿದರೆ ನಕಲು ಕೊಡುತ್ತಾರೆ. ಅದರಲ್ಲಿ ಹಳ್ಳ, ಕೆರೆ, ಸುಡುಗಾಡು, ಬಂಡಿದಾರಿ, ಕಾಲುದಾರಿ ಎಲ್ಲಕ್ಕೂ ಗುರುತಿದೆ. ದಾರಿಗೆ ಚುಕ್ಕೆಗೆರೆ. ಕಚೇರಿಯ ಭಾಷೆಯಲ್ಲಿ ಅದಕ್ಕೆ ನಕಾಶೆ ಕಂಡ ದಾರಿ ಅನ್ನುತ್ತಾರೆ. ಪಹಣಿಯಲ್ಲಿ ಖರಾಬು ಅಂತ ಬಿಟ್ಟಿರುವ ನೆಲದಲ್ಲೂ ಎರಡು ಬಗೆ. ಎ ಖರಾಬು ಸಾಗುವಳಿಗೆ ಬಾರದ ನೆಲ. ಬಿ ಖರಾಬು ದಾರಿ, ಹಳ್ಳ, ಸುಡುಗಾಡಿನಂತೆ ಸಾರ್ವಜನಿಕರಿಗೆ ಬಿಟ್ಟದ್ದು. ಅದರ ಸುತ್ತ ಬೇಲಿ ಹಾಕಿದ ಮಾತ್ರಕ್ಕೆ ಅದು ಯಾರಪ್ಪನ ಆಸ್ತಿಯೂ ಆಗುವುದಿಲ್ಲ.

ನಕಲು ಕೈಗೆ ಬಂದ ದಿನ ಅಕ್ಕನ ಮನೆಯ ಜಗಲಿ ಮೇಲೆ ಹಾಸಿ, ನಾಲ್ಕು ಮೂಲೆಗೂ ನಾಲ್ಕು ಕಲ್ಲಿಟ್ಟು ನೋಡಿದೆವು. ಮೇಲ್ಗಡವಿಗೆ ಹೋಗುವ ದಾರಿ ಇತ್ತು. ಹಟ್ಟಿಯಿಂದ ಸುಡುಗಾಡನ್ನು ಸವರಿ ಹೊಳೆಯವರೆಗೆ ಇನ್ನೊಂದು ಜೋಡಿ ಚುಕ್ಕೆಗೆರೆಯೂ ಇತ್ತು. ಭಾವನಿಗೆ ಓದು ಬರುವುದಿಲ್ಲ. ನಾನು ಬೆರಳಿಟ್ಟು ತೋರಿಸಿದೆ.

"ಇದೇನಾ?"

"ಇದೇ ಭಾವ."

"ಬ್ರಿಟಿಷ್ರು ಬರ್ದಿದ್ದಾ?"

"ಯಾರೋ ಅಮೀನ ಬರ್ದಿದ್ದು. ಸರಪಳಿ ಹಿಡ್ದು ಅಳ್ದು ಬರ್ದಿದ್ದು."

"ಹಂಗಾದ್ರೆ ನಮ್ಮಜ್ಜ ನಡ್ದಿದ್ದನ್ನ ಯಾರೋ ಒಬ್ರು ನೋಡಿದ್ರು ಅನ್ನು" ಅಂದ. ಬಹಳ ಹೊತ್ತು ಆ ಚುಕ್ಕೆಗಳ ಮೇಲೆ ಬೆರಳಾಡಿಸುತ್ತ ಕೂತಿದ್ದ.

ಅರ್ಜಿ, ಜ್ಞಾಪನ, ಮತ್ತೆ ಅರ್ಜಿ. ಆ ಕಥೆ ನಿಮಗೆಲ್ಲ ಗೊತ್ತಿದ್ದದ್ದೇ, ಉದ್ದ ಮಾಡುವುದಿಲ್ಲ. ಒಂದು ಮಾತು ಮಾತ್ರ ಹೇಳಬೇಕು. ಕಚೇರಿಯಲ್ಲಿ ಕೂತ ಅಧಿಕಾರಿ ನಕ್ಷೆ ನೋಡಿ, "ದಾರಿ ಇದೆ, ಒಪ್ಪೋಣ. ಆದರೆ ಇದು ಹೋಗುವುದು ಹೊಳೆಗೆ. ಸೇತುವೆ ಇದೆಯಲ್ಲ, ಹೊಳೆಯಲ್ಲಿ ನಿಮಗೇನು ಕೆಲಸ?" ಅಂತ ಕೇಳಿದರು. ಕೆಟ್ಟ ಮನುಷ್ಯರಲ್ಲ. ನಿಜವಾಗಿಯೂ ಅವರಿಗೆ ಅರ್ಥವಾಗಿರಲಿಲ್ಲ. ದೇವಸ್ಥಾನಕ್ಕೆ ದಾರಿ ಬೇಕು ಅಂದರೆ ಅರ್ಥವಾಗುತ್ತದೆ, ಸುಡುಗಾಡಿಗೆ ಅಂದರೆ ಅರ್ಥವಾಗುತ್ತದೆ. 1927ರಲ್ಲಿ ಬಾಬಾಸಾಹೇಬರು ಮಹಾಡಿನ ಚೌದಾರ್ ಕೆರೆಗೆ ಇಳಿದದ್ದು ಕುಡಿಯುವ ನೀರಿಗಾಗಿ. ಅದು ಈಗ ಪಠ್ಯದಲ್ಲಿದೆ, ಅದೂ ಅರ್ಥವಾಗುತ್ತದೆ. ಆರಡಿ ತೆಪ್ಪವನ್ನು ನೀರಿಗೆ ಇಳಿಸಲು ಒಬ್ಬ ಕೂಲಿಯವನಿಗೆ ಜಾಗ ಬೇಕು ಅಂದರೆ ಅದು ಯಾವ ಫೈಲಿಗೂ ಸೇರುವುದಿಲ್ಲ.

ಭಾವ ಕೈಕಟ್ಟಿ ನಿಂತಿದ್ದವನು ಕೈ ಬಿಟ್ಟು, "ಸೇತುವೆ ಮೇಲ್ ನಿಂತ್ಕಂಡು ಬಲೆ ಬಿಡಕ್ಕಾಯ್ತದಾ ಸ್ವಾಮಿ?" ಅಂದ.

2021ರ ಬೇಸಿಗೆಯಲ್ಲಿ ಅಳತೆಯಾಯಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ಹಟ್ಟಿಯ ಜನ ಪೂರ್ತಿ ಬಿಸಿಲಲ್ಲಿ ನಿಂತಿದ್ದರು. ತೋಟದ ಯಜಮಾನರ ಕಡೆಯವರೂ ನಿಂತಿದ್ದರು. ಗೇಟು ತೆಗೆಸಿದರು. ದಾರಿಯೊಳಗಿದ್ದ ಅಡಿಕೆ ಗಿಡಗಳನ್ನು ಕಡಿಯುವುದು ಬೇಡ ಅಂತ ನಮ್ಮವರೇ ಹೇಳಿದರು. ಫಸಲಿಗೆ ಬಂದ ಗಿಡಕ್ಕೆ ಕೊಡಲಿ ಹಾಕಲು ಕೂಲಿಯವನ ಕೈ ಬರುವುದಿಲ್ಲ. ನನಗೆ ಇದು ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ಗಿಡ ಉಳಿಸಿ ಒಂದು ಬದಿಗೆ ಕಲ್ಲು ನೆಟ್ಟರು. ಬಂಡಿದಾರಿ ಕಾಲುದಾರಿಯಾಗಿ ಸಿಕ್ಕಿತು. ಗಾಡಿ ಹೋಗುವುದಿಲ್ಲ, ಹೆಣ ಹೊರುವವರು ಅಡ್ಡಾದಿಡ್ಡಿ ನಡೆಯಬೇಕು, ತೆಪ್ಪವನ್ನು ತಲೆಯ ಮೇಲೆ ಓರೆಯಾಗಿ ಹಿಡಿದುಕೊಂಡರೆ ಹೋಗುತ್ತದೆ. ಪಂಪಿನ ಮನೆ ಕಡವಿನ ಬಾಯಲ್ಲೇ ನಿಂತಿದೆ. ಅದರ ಮೇಲಿನ ಅರ್ಜಿ ಇನ್ನೂ ಇದೆ.

ಇತ್ತ ನಮ್ಮ ಒಣ ಸೀಮೆಗೂ ಭದ್ರೆ ಬಂದಿದ್ದಾಳೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ನೀರನ್ನು ಪಂಪಿನಿಂದ ಮೇಲೆತ್ತಿ, ಅಜ್ಜಂಪುರದ ಹತ್ತಿರ ಸುಮಾರು ಏಳು ಕಿಲೋಮೀಟರ್ ಸುರಂಗದಲ್ಲಿ ಹಾಯಿಸಿ, ವೇದಾವತಿಯ ಮೂಲಕ ವಾಣಿವಿಲಾಸ ಸಾಗರಕ್ಕೆ ಬಿಡುತ್ತಾರೆ. 1907ರಲ್ಲಿ ಕಟ್ಟಿ ಮುಗಿಸಿದ ಆ ಕಟ್ಟೆ 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಆ ವರ್ಷ ಮಳೆಯೂ ಜೋರು. ಹಿರಿಯೂರಿನವರು ಬಾಗಿನ ಕೊಟ್ಟರು, ಒಳ್ಳೆಯದಾಯಿತು. ನನ್ನ ಮೊಮ್ಮಗನನ್ನು ಕಾಲುವೆ ತೋರಿಸಲು ಕರೆದುಕೊಂಡು ಹೋಗಿದ್ದೆ. ಎರಡು ಬದಿಯೂ ಸಿಮೆಂಟಿನ ಇಳಿಜಾರು, ಹಿಡಿಯಲು ಒಂದು ಬೇರಿಲ್ಲ, ಕಲ್ಲಿಲ್ಲ. ಇಳಿದವನು ಹತ್ತಲಾರ. "ತಾತ, ಇಲ್ಲಿ ದೋಣಿ ಬಿ಼ಡಬಹುದಾ?" ಅಂದ. ಇದು ಕಡವಲ್ಲಪ್ಪ, ಗುಂಡಿ ಅಂದೆ. ಲಕ್ಕವಳ್ಳಿಯ ಹಿನ್ನೀರಿನಲ್ಲಿ ಪ್ರವಾಸಿಗರಿಗೆ ದೋಣಿವಿಹಾರ ಇದೆ, ಕಿತ್ತಳೆ ಬಣ್ಣದ ಜಾಕೆಟ್ಟು ತೊಡಿಸಿ ಕೂರಿಸುತ್ತಾರೆ. ಅದನ್ನು ಅವನು ಮೊಬೈಲಿನಲ್ಲಿ ನೋಡಿದ್ದ. ಅದೇ ಹಿನ್ನೀರಿನಲ್ಲಿ ಬೇಸಿಗೆಗೆ ನೀರು ಮೂವತ್ತು ಅಡಿ ಇಳಿಯಿತು ಅಂದುಕೊಳ್ಳಿ. ದಂಡೆ ಹತ್ತಕ್ಕೊಂದರ ಇಳಿಜಾರಾದರೆ, ಮೀನಿನವನು ತೆಪ್ಪ ಹೊತ್ತು ಮುನ್ನೂರು ಅಡಿ ಕೆಸರು ದಾಟಬೇಕು. ಈ ಲೆಕ್ಕವನ್ನು ಏಳನೇ ತರಗತಿಯವರಿಗೆ ಬೋರ್ಡಿನ ಮೇಲೆ ಹಾಕುತ್ತಿದ್ದೆ. ಹುಡುಗರು ಬೇಗ ಮಾಡುತ್ತಿದ್ದರು.

2023ರಲ್ಲಿ ನಿವೃತ್ತನಾದೆ. ಆ ವರ್ಷ ಕಾರ್ತಿಕದಲ್ಲಿ ಅಕ್ಕನ ಮನೆಗೆ ಹೋಗಿದ್ದಾಗ ಒಂದು ಬೆಳಗಿನ ಜಾವ ಭಾವನ ಜೊತೆ ಕೆಳಗಡವಿಗೆ ಇಳಿದೆ. ಮಂಜು. ಪಂಪು ಗುಡುಗುಡು ಅನ್ನುತ್ತಿತ್ತು. ಅಡಿಕೆ ಗಿಡಗಳ ನಡುವೆ ಹಿಂದಿನಿಂದ ಇನ್ನೊಂದು ಆಮೆ ನಡೆದು ಬಂತು. ತೆಪ್ಪ ಕೆಳಗಿಟ್ಟಾಗ ನೋಡಿದರೆ ಆ ಹಳೆಯ ಅಂಬಿಗನ ಮೊಮ್ಮಗ. ಊರಿನ ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗ, ಕೆಲಸ ಬಿಟ್ಟಿದ್ದನಂತೆ. ಹೊಸ ಫೈಬರ್ ತೆಪ್ಪ, ನೀಲಿ ಬಣ್ಣದ್ದು. ನಮ್ಮನ್ನು ನೋಡಿ ಸ್ವಲ್ಪ ಹಿಂಜರಿದು ದಾರಿಯಲ್ಲೇ ನಿಂತ.

"ಮಾವ, ಮೇಲ್ಗಡವಲ್ಲಿ ಬಿಡ್ತಿಲ್ಲ. ಇಲ್ಲಿ ಇಳುಸ್ಲಾ?" ಅಂದ.

ಭಾವ ಬಲೆಯ ಸಿಕ್ಕು ಬಿಡಿಸುತ್ತಿದ್ದವನು ತಲೆ ಎತ್ತಲಿಲ್ಲ.

"ನನ್ನೇನ್ ಕೇಳ್ತೀಯೋ. ಅಗೋ, ಎಮ್ಮೆ ಮಲ್ಗೈತೆ. ಅದು ಎದ್ಮೇಲೆ ಇಳ್ಸು."